ನಾಲ್ಕು ಬೆರಳಿನ ಎತ್ತರ

ಕಲ್ಲಗೋನಾಳ ಶಾಲೆ,
ಫೆಬ್ರವರಿ 30, 2191

ಗೌಂಡಿ ಇಮಾಮಸಾಬರಿಗೆ, ಶಿವಲೀಲಾ ಕಮ್ಮಾರಳ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ಫೆಬ್ರವರಿಗೆ ಆಗಿದ್ದ ಅನ್ಯಾಯವನ್ನು ನಮ್ಮ ಕಾಲದವರು ಸರಿಪಡಿಸಿದ್ದಾರೆ. ನಮ್ಮ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ನಿಮ್ಮೂರಿನ ಅದೇ ಶಾಲೆಯ ಮುಖ್ಯೋಪಾಧ್ಯಾಯಿನಿ. ಈ ಕಾಗದ ನಿಮ್ಮ ಕಾಲಕ್ಕೆ ಹೇಗೆ ತಲುಪುತ್ತದೆ ಎಂದು ಮಾತ್ರ ಕೇಳಬೇಡಿ. ಕಳುಹಿಸುವ ನಮ್ಮ ವಿಜ್ಞಾನದ ಮೇಷ್ಟ್ರಿಗೇ ಅದು ಪೂರ್ತಿ ತಿಳಿದಂತಿಲ್ಲ.

ಶನಿವಾರ ನೀವೆಲ್ಲ ಸೇರಿ ಶಾಲೆಗೆ ಮಾಡುವ ಕೆಲಸವನ್ನು ನಾವು ಕೂಡುವಾರ ಎನ್ನುತ್ತೇವೆ. ಅಂದು ಪಾಠವಿಲ್ಲ. ತಾಯಂದಿರು ಬಿಸಿಲೊಲೆಯನ್ನು, ಅಂದರೆ ಬರೀ ಬಿಸಿಲಿನಿಂದ ಊಟ ಬೇಯಿಸುವ ಒಲೆಯನ್ನು, ಉಜ್ಜಿ ಹೊಳೆಯಿಸುತ್ತಾರೆ. ತಂದೆಯರು ನೆರಳುಬಟ್ಟೆ ಹೊಲಿಯುತ್ತಾರೆ. ಬೇಸಿಗೆಯಲ್ಲಿ ಅದನ್ನು ಅಂಗಳದ ಮೇಲೆ ಹರಡದಿದ್ದರೆ ಮಕ್ಕಳು ಹೊರಗೆ ಕಾಲಿಡುವಂತಿಲ್ಲ. ಕಸ ಗುಡಿಸುವುದು ಶಿಕ್ಷಕರ ಪಾಲು, ಅದನ್ನು ಪರೀಕ್ಷಿಸುವುದು ಮಕ್ಕಳ ಪಾಲು. ಹೋದ ವಾರ ಮೂರನೇ ತರಗತಿಯವರು ಮೂಲೆಯಲ್ಲಿ ಕಸ ಉಳಿದಿದೆ ಎಂದು ನನ್ನ ಕೈಗೆ ಮತ್ತೆ ಪೊರಕೆ ಕೊಟ್ಟರು.

ವಿಷಯಕ್ಕೆ ಬರುತ್ತೇನೆ. ಶಾಲೆಯ ಹಳೆಯ ದಿನಚರಿಯಲ್ಲಿ ನಿಮ್ಮ ಜಗಳ ದಾಖಲಾಗಿದೆ. ನಾಲ್ಕನೇ ತರಗತಿಯ ಕೋಣೆಯಲ್ಲಿ, ಕರಿಹಲಗೆಯ ಪಕ್ಕದ ಗೋಡೆಗೆ ಸುಮಿತ್ರಾ ಟೀಚರು ಮತ್ತು ಮಕ್ಕಳು ಎತ್ತರ ಅಳೆಯುವ ಪಟ್ಟಿ ಬರೆದರು. ಆಮೇಲೆ ಮೂರು ಶನಿವಾರ ನೀವು ಪಾಲಕರನ್ನು ಕೂಡಿಸಿಕೊಂಡು ಒಡೆದ ನೆಲದ ಮೇಲೆ ಫರಸಿ ಕಲ್ಲು ಹಾಸಿದಿರಿ. ನೆಲ ನಾಲ್ಕು ಬೆರಳು ಮೇಲೆ ಬಂತು, ಪಟ್ಟಿ ಇದ್ದಲ್ಲೇ ಉಳಿಯಿತು, ಮಕ್ಕಳೆಲ್ಲ ದಿಢೀರನೆ ನಾಲ್ಕು ಬೆರಳು ಬೆಳೆದುಬಿಟ್ಟರು. ಟೀಚರು ನಕ್ಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಎಲ್ಲರೆದುರು, ತಿಳಿಯದವರು ಯಾಕೆ ಕೈ ಹಾಕಬೇಕು ಎಂದುಬಿಟ್ಟರು. ಮೊಣಕಾಲೂರಿ ದುಡಿದ ಮನುಷ್ಯನಿಗೆ ಆಡುವ ಮಾತೇ ಅದು? ಓದುವಾಗ ನನಗೇ ಸಿಟ್ಟು ಬಂತು. ಮುಂದಿನ ಶನಿವಾರ ಬಂದು ಕಲ್ಲನ್ನೆಲ್ಲ ಕಿತ್ತುಹಾಕುತ್ತೇನೆ, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂದು ನೀವು ಗಾರೆ ಮೆತ್ತಿದ ಕರಣಿ ಎತ್ತಿಕೊಂಡು ಹೊರಟುಹೋದಿರಿ.

ನೀವು ಬಾಗಿಲು ದಾಟಿದ ಮೇಲೆ ನಡೆದದ್ದು ನಿಮಗೆ ಗೊತ್ತಿಲ್ಲ. ತರಗತಿಗೆಲ್ಲ ಗಿಡ್ಡಿಯಾದ ಹನುಮವ್ವ, ಲೆಕ್ಕ ಬಿಡಿಸಲು ಕರೆದಾಗಲೆಲ್ಲ ಹಲಗೆಯ ಕೆಳಗಂಚಿನಲ್ಲೇ ಬರೆಯುತ್ತಿದ್ದ ಹುಡುಗಿ, ಸೀಮೆಸುಣ್ಣ ಹಿಡಿದು ಹಲಗೆಯಲ್ಲಿ ಅದುವರೆಗೆ ನಿಲುಕದಿದ್ದ ಗೆರೆಯ ಮೇಲೆ ತನ್ನ ಹೆಸರು ಬರೆದಳು. ಬರೆದು ಟೀಚರಿಗೆ ಹೇಳಿದಳು: “ಕಲ್ಲು ಕೀಳಬ್ಯಾಡ್ರಿ ಅಂತ ಕಾಕಾಗ ಹೇಳ್ರಿ ಟೀಚರ್. ಅಳತಿ ಸುಳ್ಳಿದ್ರ ಇರ್ಲಿ. ಬೋರ್ಡ್ ಮಾತ್ರ ಖರೇನ ನಿಲುಕತೈತ್ರಿ.”

ಆ ಮಾತಿಗೆ ತಾನು ಅತ್ತೆನೆಂದು ಟೀಚರೇ ಬರೆದಿದ್ದಾರೆ. ಮುಂದಿನ ಪುಟಗಳನ್ನು ಗೆದ್ದಲು ತಿಂದಿದೆ. ಅವರು ನಿಮ್ಮ ಮನೆಗೆ ಬಂದು ಈ ಮಾತು ಮುಟ್ಟಿಸಿದರೋ, ಅಭಿಮಾನ ಅಡ್ಡ ಬಂತೋ, ನನಗೆ ತಿಳಿಯದು. ಅದಕ್ಕೇ ನಾನು ಹೇಳುತ್ತಿದ್ದೇನೆ. ಆ ಕಲ್ಲುಗಳ ಮೇಲೆಯೇ ಕುಳಿತು ಬರೆಯುತ್ತಿರುವುದರಿಂದ ನೀವು ಕೀಳಲಿಲ್ಲ ಎಂಬುದು ಖಚಿತ. ಆದರೆ ಈ ಕಾಗದ ತಲುಪಿದ್ದಕ್ಕೇ ನೀವು ಕೀಳಲಿಲ್ಲವೇನೋ ಎಂಬ ಭಯದಿಂದ ಬರೆಯದೆ ಇರಲಾರೆ.

ಪ್ರತಿವರ್ಷ ನಾವೆಲ್ಲ ಸೇರಿ ಆ ಪಟ್ಟಿಗೆ ಬಣ್ಣ ಬಳಿಯುತ್ತೇವೆ, ತಪ್ಪನ್ನು ಹಾಗೇ ಉಳಿಸಿ. ಶಾಲೆ ಬಿಡುವ ದಿನ ಪ್ರತಿ ಮಗುವನ್ನೂ ಅಲ್ಲಿ ನಿಲ್ಲಿಸಿ ಅಳೆದು, ಇದರಲ್ಲಿ ನಾಲ್ಕು ಬೆರಳು ನಿನ್ನದಲ್ಲ ಎನ್ನುತ್ತೇವೆ. ಹಾಗಾದರೆ ಯಾರದು ಎಂದು ಮಕ್ಕಳು ಕೇಳುತ್ತಾರೆ. ನಿಮ್ಮ ಹೆಸರು ಹೇಳುತ್ತೇವೆ.

ಕೊನೆಗೊಂದು ಕೋರಿಕೆ. ನೀವು ಹೊರಟುಹೋದ ದಿನ ಬಾಗಿಲ ಬಳಿ ಒಂದು ಕಲ್ಲು ಹಾಸುವುದು ಬಾಕಿ ಇತ್ತೆಂದು ದಿನಚರಿ ಹೇಳುತ್ತದೆ. ಇಲ್ಲಿ ಅದು ಭದ್ರವಾಗಿ ಕೂತಿದೆ. ಕೂರಿಸಿದ ಕೈ ನಿಮ್ಮದೇ ಆಗಿರಲಿ. ಶನಿವಾರ ಕರಣಿ ತೆಗೆದುಕೊಂಡು ಬನ್ನಿ.