ಒಂದು ಗಾಡಿ ಕರಿಮರಳು

ಮಾರ್ಚ್ ೧೪, ಭಾನುವಾರ

ಪ್ರೀತಿಯ ತಮ್ಮಾ,

ಅಕ್ಕನ ಆಶೀರ್ವಾದ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಅಕ್ಕ ಇದ್ದಾಳೋ ಹೋದಳೋ ಅಂದುಕೊಂಡಿರುತ್ತೀಯ. ಇದ್ದೇನೆ. ಮಂಡಿನೋವೂ ಇದೆ, ಬಾಯಿಯೂ ಇದೆ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಹರಿದು ಹಾಕಿದೆ. ಇವತ್ತು ಕಾಗದ ಡಬ್ಬಿಗೆ ಹಾಕಿ ಬಂದ ಮೇಲೇ ಊಟ ಎಂದು ಹಟ ಹಿಡಿದಿದ್ದೇನೆ. ಅಕ್ಷರ ಕೋಳಿ ಕೆದಕಿದ ಹಾಗಿದ್ದರೆ ಹೊಟ್ಟೆಗೆ ಹಾಕಿಕೋ.

ಮೊದಲು ಇಲ್ಲಿಯ ಸುದ್ದಿ. ಹೊಳೆದಂಡೆಯ ನಮ್ಮ ಸೀಸದ ಕಾರ್ಖಾನೆಯ ಜಾಗವನ್ನು ಕೊನೆಗೂ ಶುಚಿ ಮಾಡುತ್ತಾರಂತೆ. ಬಾಗಿಲು ಮುಚ್ಚಿ ಹದಿನೆಂಟು ವರ್ಷವಾದ ಮೇಲೆ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವುದು ಇದಕ್ಕೇ. ಮೂಗು ಬಾಯಿ ಮುಚ್ಚಿಕೊಂಡವರು ಬಂದು ಪ್ರತಿ ಮನೆಯ ಅಂಗಳದ ಮಣ್ಣನ್ನೂ ಬಾಟಲಿಗೆ ತುಂಬಿಸಿಕೊಂಡು ಹೋದರು. ನಮ್ಮ ಸಾಲಿನ ಹನ್ನೊಂದು ಮನೆಗಳಲ್ಲಿ ಏಳು ಮನೆಯವರು ಹೆದರಿ ಬೀಗ ಹಾಕಿ ನೆಂಟರ ಮನೆ ಸೇರಿದ್ದಾರೆ. ಸಂಜೆ ಬಾಗಿಲಲ್ಲಿ ನಿಂತರೆ ಜಗಳಕ್ಕೂ ಒಬ್ಬರು ಸಿಗುವುದಿಲ್ಲ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ನೂರಿಪ್ಪತ್ತು ಜನಕ್ಕೆ ಬೇಯಿಸಿದ ಕೈ ಇದು, ಒಬ್ಬಳ ಅಳತೆ ಇನ್ನೂ ಬಂದಿಲ್ಲ. ಬೆಳಿಗ್ಗೆ ಮಾಡಿದ್ದನ್ನೇ ಮೂರು ಹೊತ್ತು ತಿನ್ನುತ್ತೇನೆ, ಅದೂ ನಿಂತುಕೊಂಡು. ಕೂತರೆ ಎದುರಿನ ಖಾಲಿ ಕುರ್ಚಿ ಕಾಣುತ್ತದೆ.

ಹೋದ ತಿಂಗಳು ಶಾಲೆಯ ಹಾಲ್‌ನಲ್ಲಿ ಸಭೆ ಕರೆದಿದ್ದರು. ಬಂದ ಅಧಿಕಾರಿ ಸಣ್ಣ ವಯಸ್ಸಿನ ಹುಡುಗಿ, ಮಾತು ಮೆತ್ತಗೆ. ಮೀನು ಹಿಡಿಯುವವನು ಎದ್ದು, "ನೀವು ಅಗೆದಾಗ ಕೆಸರು ಕದಡ್ತದಲ್ಲ, ಆಮೇಲೆ ನನ್ನ ಮೀನು ಯಾರು ತಗೋತಾರೆ?" ಎಂದ. ಕ್ಷೌರದವನು, "ಆ ಮಣ್ಣು ಹೊತ್ಕೊಂಡು ಹೋಗಿ ಇನ್ನೊಬ್ಬರ ಬಾಗಿಲಿಗೆ ಸುರೀತೀರಾ?" ಎಂದ. ಪಾಪ, ಅವಳು ಒಬ್ಬೊಬ್ಬರಿಗೂ ತಾಳ್ಮೆಯಿಂದ ಉತ್ತರ ಹೇಳಿದಳು. ಆಮೇಲೆ ಗೋಡೆಯ ಮೇಲೆ ನಕ್ಷೆ ತೋರಿಸಿದಳು. ಕಾರ್ಖಾನೆಯ ಜಾಗವೆಲ್ಲ ಕೆಂಪು. ಅದು ಸರಿ. ಆದರೆ ಮನೆಗಳ ನಡುವೆಯೂ ಕೆಂಪು ಚುಕ್ಕಿ. "ಕುಲುಮೆಯ ಕಿಟ್ಟ ನಿಮ್ಮ ಅಂಗಳಕ್ಕೆ ಹೇಗೆ ಬಂತು?" ಎಂದಳು. ಇಡೀ ಹಾಲ್ ನೆಲ ನೋಡಿತು.

ನಮ್ಮ ಕರಿಮರಳು ನಿನಗೆ ನೆನಪಿರಬೇಕಲ್ಲ. ಸೀಸ ಕರಗಿಸಿದ ಮೇಲೆ ಉಳಿಯುವ ಕಿಟ್ಟವನ್ನು ಕುಟ್ಟಿ ರಾಶಿ ಹಾಕುತ್ತಿದ್ದರು. ಶನಿವಾರ ಕೆಲಸ ಬಿಟ್ಟಾಗ ತಲೆಗೊಂದು ಬುಟ್ಟಿ, ಅದು ಕೆಲಸಗಾರರ ಹಕ್ಕು. ಅಂಗಳಕ್ಕೆ ಹಾಸಿದರೆ ನೀರು ನಿಲ್ಲುವುದಿಲ್ಲ, ಕಾಲು ಕೆಸರಾಗುವುದಿಲ್ಲ, ಹುಲ್ಲು ಹುಟ್ಟುವುದಿಲ್ಲ ಎಂದು ಹೊಗಳಿದ್ದೇ ಹೊಗಳಿದ್ದು. ಹುಲ್ಲು ಯಾಕೆ ಹುಟ್ಟುವುದಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಕೊನೆಗೆ ಕುಲುಮೆಯ ಮೀಸೆ ಮೇಸ್ತ್ರಿಯೇ ಎದ್ದು ಬುಟ್ಟಿಯ ಕಥೆ ಹೇಳಿದ. ಮೀಸೆ ಪೂರ್ತಿ ಬೆಳ್ಳಗಾಗಿದೆ, ದನಿ ಹಾಗೇ ಇದೆ.

ಅವಳು ಬರೆದುಕೊಂಡು, "ಆದ್ರೆ ಈ ಮೂಲೆ ಮನೇಲಿ ಮಾತ್ರ ಗೇಣುದ್ದ ದಪ್ಪಕ್ಕಿದೆ. ಬುಟ್ಟಿಯಲ್ಲಿ ಇಷ್ಟು ಬರೋದಿಲ್ಲ. ಅಲ್ಲಿ ಯಾರಿದ್ರು?" ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. "ನನ್ನ ತಮ್ಮ," ಎಂದು ಹೇಳಿ ಕೂತೆ. ಮೇಸ್ತ್ರಿ ನನ್ನನ್ನೇ ನೋಡುತ್ತಿದ್ದ.

ನಿನ್ನ ಮನೆಯ ಅಂಗಳವನ್ನು ಮುಂದಿನ ತಿಂಗಳು ಅಗೆಯುತ್ತಾರೆ. ಮನೆ ಇನ್ನೂ ನಿನ್ನ ಹೆಸರಿನಲ್ಲೇ ಇರುವುದರಿಂದ ನಿನ್ನ ಒಪ್ಪಿಗೆ ಬೇಕಂತೆ. ಫಾರ್ಮ್ ಇದರೊಳಗೇ ಇಟ್ಟಿದ್ದೇನೆ, ಗೀಟು ಹಾಕಿದ ಕಡೆ ಸಹಿ ಹಾಕಿ ಕಳಿಸು. ಅಂಗಡಿಯಲ್ಲಿ ತುಂಬಾ ಹೊತ್ತು ಬಗ್ಗಿ ಹೊಲಿಯಬೇಡ, ಕಣ್ಣು ನೋಡಿಕೋ. ನಿನ್ನ ಹೆಂಡತಿಯ ಕೆಮ್ಮು ವಾಸಿಯಾಯಿತಾ? ನೀವಿಬ್ಬರೂ ನೂರು ಕಾಲ ತಣ್ಣಗಿರಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ. ನಾಲ್ಕು ಕಾಗದ ಹರಿದದ್ದು ಇದಕ್ಕೇ.

"ಅಕ್ಕ ಹಾಕಿಸಿಕೊಟ್ಟ ಅಂಗಳ" ಎಂದು ನೀನು ಈಗಲೂ ಬರೆಯುತ್ತೀಯ. ಅದು ಹೇಗೆ ಬಂತು ಎಂದು ನಿನಗೆ ಗೊತ್ತಿಲ್ಲ. ನೀನು ದರ್ಜಿ, ಕಾರ್ಖಾನೆಯವನಲ್ಲ, ನಿನಗೆ ಬುಟ್ಟಿಯ ಹಕ್ಕಿರಲಿಲ್ಲ. ನಿನ್ನ ಮಗ ಗುಂಡ ಆಗ ಅಂಬೆಗಾಲಿಡುತ್ತಿದ್ದ, ಅಂಗಳವೆಲ್ಲ ಕೆಸರು. ಒಂದು ಗಾಡಿ ಕೊಡು ಎಂದು ಮೇಸ್ತ್ರಿಯನ್ನು ಕೇಳಿದೆ. "ಅಕ್ಕೋರೇ, ಕೂಸಿರೋ ಮನೆಗೆ ಅದು ಬೇಡ. ನಾನು ನನ್ನ ಮನೆಗೇ ಒಯ್ಯಲ್ಲ," ಎಂದ. ಕೊಡಲು ಮನಸ್ಸಿಲ್ಲದೆ ಕುಂಟುನೆಪ ಹೇಳುತ್ತಾನೆ ಎಂದುಕೊಂಡೆ. ನಾಲ್ಕು ದಿನ ಅವನ ತಟ್ಟೆಗೆ ಬೇಕೆಂದೇ ಸೀದ ತಳ ಬಡಿಸಿದೆ. ಐದನೆಯ ದಿನ ಗಾಡಿ ಬಂತು. ನಾನು ಗೆದ್ದೆ ಅಂದುಕೊಂಡೆ.

ಸಭೆ ಮುಗಿದ ಮೇಲೆ ಆ ಹುಡುಗಿಯನ್ನು ಒಬ್ಬಳೇ ಕಂಡು ಕೇಳಿದೆ: ಐದು ವರ್ಷದ ಮಗು, ದಿನಾ ಹೊಟ್ಟೆನೋವು, ವಾಂತಿ, ಕೊನೆಗೆ ಸೆಳೆತ. ಅವಳು, "ಸಣ್ಣ ಮಕ್ಕಳ ಮೈಗೆ ಸೀಸ ಸೇರಿದ್ರೆ ಹಾಗೆ ಆಗ್ತದಮ್ಮ. ಆದ್ರೆ ಈಗ ಅದರಿಂದಲೇ ಅಂತ ಯಾರೂ ಖಂಡಿತ ಹೇಳೋಕಾಗಲ್ಲ," ಎಂದಳು. ಹೊರಗೆ ಮೇಸ್ತ್ರಿ ಕಾದಿದ್ದ. "ಗಾಡಿ ವಿಷಯ ನಾನು ಹೇಳಲಿಲ್ಲ ಅಕ್ಕೋರೇ. ಅದನ್ನ ಹೇಳಬೇಕಾದೋರು ನೀವು," ಎಂದು ಹೊರಟುಹೋದ.

ಇಷ್ಟೇ ಆಗಿದ್ದರೆ ನನ್ನ ಜೊತೆಗೇ ಹೋಗಲಿ ಎಂದು ಬಿಡುತ್ತಿದ್ದೆನೇನೋ. ಗುಂಡ ಹೋದ ದಿನ, ಅದೇ ಕರಿಮರಳಿನ ಮೇಲೆ ನಿಂತು, "ಕಾರ್ಖಾನೆ ವಿಷ ಸೇರೋ ಹೊಳೆ ನೀರಲ್ಲಿ ಆಡೋಕೆ ಮಗೂನ ಯಾಕೆ ಬಿಟ್ಟೆ?" ಎಂದು ನಿನ್ನ ಹೆಂಡತಿಯನ್ನು ಮೊದಲು ಕೇಳಿದವಳು ನಾನು. ಆಮೇಲೆ ಊರೆಲ್ಲ ಅದನ್ನೇ ಹೇಳಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಮೇಸ್ತ್ರಿಯ ಮಾತು ಆವತ್ತೇ ನನಗೆ ನೆನಪಾಗಿತ್ತು, ತಮ್ಮಾ. ನೆನಪಾದದ್ದಕ್ಕೇ ಹಾಗೆ ಕೇಳಿದೆ. ಅವಳಿಗಾಗಿ ನೀವು ಹೊಳೆಯಿಲ್ಲದ ಊರು ಹುಡುಕಿಕೊಂಡು ಹೋದಿರಿ. ಇಪ್ಪತ್ತೆರಡು ವರ್ಷ ನಾನು ಬಾಯಿಗೆ ಬೀಗ ಹಾಕಿಕೊಂಡು ನಿಮ್ಮ ಕ್ಷೇಮ ಕೇಳುತ್ತಾ ಕೂತೆ.

ನನಗೆ ಇರುವವನು ನೀನೊಬ್ಬ. ಇದನ್ನು ಓದಿದ ಮೇಲೆ ನಿನ್ನಿಂದ ಬರೀ ಫಾರ್ಮ್ ಬಂದರೂ ನಾನು ಏನೂ ಅನ್ನುವುದಿಲ್ಲ. ಆದರೆ ಈ ಭಾಗವನ್ನು ಅವಳಿಗೆ ಓದಿ ಹೇಳು. ಸ್ನಾನದ ಮೆಟ್ಟಿಲ ಹತ್ತಿರದ ಕೆಸರನ್ನೂ ಪರೀಕ್ಷೆ ಮಾಡಿದ್ದಾರೆ, ಅದರಲ್ಲಿ ಸೀಸ ಸಿಕ್ಕಿಲ್ಲ. ಮೆಟ್ಟಿಲು ಇರುವುದು ಕಾರ್ಖಾನೆಗಿಂತ ಮೇಲೆ, ಕಾರ್ಖಾನೆಯ ವಿಷವೆಲ್ಲ ಕೆಳಗಡೆಗೆ ಹರಿದುಹೋಗಿದೆ. ಗುಂಡ ಆಡುತ್ತಿದ್ದ ನೀರು ಚೊಕ್ಕಟವಾಗಿತ್ತು ಎಂದು ಅವಳಿಗೆ ಹೇಳು.