ಇಬ್ಬರಿಗೆ ಹಂಚಿದ ಅವ್ವ

ಗಾಂಧಿನಗರ, ಬಳ್ಳಾರಿ
೧೬-೨-೧೯೭೮, ಗುರುವಾರ

ನನ್ನ ಹುಲುಗಿಗೆ,

'ನಾವಿಲ್ಲಿ ಕ್ಷೇಮ' ಎಂದು ಬರೆದು ಹೊಡೆದುಹಾಕಿದೆ. ಕ್ಷೇಮ ಏನು ಮಣ್ಣು! ಸೋಮವಾರ ನಿನ್ನ ಕಾರ್ಡು ಬಂತು. 'ಅವ್ವ ಊಟ ಬಿಟ್ಟಾಳ. ನೀ ಇನ್ನ ನಮ್ಮ ಮನಿಗೆ ಬರಬ್ಯಾಡ.' ಅಷ್ಟೇ. ಕೆಳಗೆ ಹೆಸರು ಕೂಡ ಹಾಕಿಲ್ಲ. ಇಪ್ಪತ್ತು ವರ್ಷದಿಂದ ನಾಲ್ಕು ಹಾಳೆಗೆ ಕಡಿಮೆ ಬರೆದವಳಲ್ಲ ನೀನು. ಮನೆಗೆ ಬರಬೇಡ ಎಂದಿದ್ದೀಯ, ಕಾಗದ ಹಾಕಬೇಡ ಎಂದಿಲ್ಲ. ಆ ಒಂದು ಧೈರ್ಯದ ಮೇಲೆ ಕೂತು ಬರೆಯುತ್ತಿದ್ದೇನೆ. ಹರಿದುಹಾಕಬೇಡ ಮಾರಾಯ್ತಿ, ಒಂದು ಸಲ ಓದು. ಆಮೇಲೆ ಒಲೆಗೆ ಹಾಕು.

ನಮ್ಮನೆಯವರ ಪ್ರೆಸ್ಸಿಗೆ ಲಗ್ನಪತ್ರಿಕೆ, ಬಿನ್ನವತ್ತಳೆ ಅಚ್ಚು ಹಾಕಿಸಲು ಬರುವವರಿಗೆಲ್ಲ ಒಕ್ಕಣೆ ಬರೆದುಕೊಡುವವಳು ನಾನೇ ಎಂಬುದು ನಿನಗೆ ಗೊತ್ತು. ನೀನು ಕುರುಗೋಡಿನ ಸಾಲಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದೆ. ನಾನು ಅದೇ ಟ್ರೈನಿಂಗ್ ಮುಗಿಸಿ, ಲಗ್ನವಾಗಿ, ಈ ಹೊಗಳಿಕೆ ಕೆಲಸಕ್ಕೆ ನಿಂತೆ. ಹೆಡ್‌ಮಾಸ್ತರು ನಿವೃತ್ತರಾದರೂ ಅದೇ ಬಿನ್ನವತ್ತಳೆ, ತಹಶೀಲ್ದಾರರು ವರ್ಗವಾದರೂ ಅದೇ. ಹೆಸರು ಬದಲಿಸುತ್ತೇನೆ, 'ಜ್ಞಾನದ ದೀಪ' ಇದ್ದಲ್ಲಿ 'ನ್ಯಾಯದ ದೀಪ' ಹಚ್ಚುತ್ತೇನೆ. ಅವರು ಕಣ್ಣೊರೆಸಿಕೊಂಡು, ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಒಬ್ಬರ ಮನೆಯ ಗೋಡೆಯನ್ನು ಇನ್ನೊಬ್ಬರು ಹೋಗಿ ಓದುತ್ತಾರೆಯೇ? ಯಾರೂ ಓದಲಿಲ್ಲ. ಹೀಗೇ ನನ್ನ ಕೈ ಕೆಟ್ಟಿತು.

ಈ ಚುನಾವಣೆಗೆ ಒಂದೇ ವಾರದಲ್ಲಿ ಇಬ್ಬರು ಬಂದರು. ನಿಮ್ಮ ಕುರುಗೋಡಿಗೆ ನಿಂತ ಮರಿಬಸಪ್ಪ, ಸಿರುಗುಪ್ಪಕ್ಕೆ ನಿಂತ ಕೊಟ್ರಬಸಪ್ಪ. ಕರಪತ್ರಕ್ಕೆ ಬಂದವರು ಭಾಷಣವನ್ನೂ ಕೇಳಿದರು. "ಅಕ್ಕಾರ, ಮಂದಿ ಕಣ್ಣಾಗ ನೀರು ಬರಬೇಕ್ರಿ, ಅಂಥಾದ್ದೊಂದು ಬರಕೊಡ್ರಿ" ಎಂದು ಮರಿಬಸಪ್ಪ ಅಂದ. ನಾನು ಉಬ್ಬಿಹೋದೆ ನೋಡು. ಕಾಲುವೆ ನೀರು, ರಸ್ತೆ, ಕರೆಂಟು ಎಂದು ಬರೆದೆ. ಓದಿಕೊಂಡರೆ ನನಗೇ ಆಕಳಿಕೆ. ಕಣ್ಣಲ್ಲಿ ನೀರು ಬರುವಂಥದ್ದು ನನ್ನ ಹತ್ತಿರ ಒಂದೇ ಇತ್ತು, ಅದು ನನ್ನದಾಗಿರಲಿಲ್ಲ.

ನೆನಪಿದೆಯಾ, ಹಾಸ್ಟೆಲ್ಲಿನ ಕಟ್ಟೆಯ ಮೇಲೆ ರವಿವಾರ ನಿನ್ನ ತಲೆ ಬಾಚುತ್ತಿದ್ದೆ. ತುರುಬು ಕಟ್ಟಲಾ ಎಂದು ಕೇಳಿದ್ದಕ್ಕೆ ನೀನು ಒಮ್ಮೆಲೇ ಅಳುವುದಕ್ಕೆ ಶುರು ಮಾಡಿದೆ. ಕೊಳಗಲ್ಲಿನ ಹೊಲದಲ್ಲಿ ಹತ್ತಿ ಬಿಡಿಸಲು ಹೋಗುತ್ತಿದ್ದ ನಿಮ್ಮವ್ವ ದಿನಾ ಒಂದು ಹಿಡಿ ಹತ್ತಿಯನ್ನು ತುರುಬಿನೊಳಗೆ ಸುತ್ತಿಟ್ಟುಕೊಂಡು ಬರುತ್ತಿದ್ದದ್ದು, ಅಂಗಡಿಯವನು ಅದನ್ನು ಇಸಿದುಕೊಂಡು ನಿನಗೆ ಬಳಪ ಕೊಡುತ್ತಿದ್ದದ್ದು ಎಲ್ಲ ಹೇಳಿದೆ ನೀನು. ಒಂದು ದಿನ ಎಲ್ಲ ಕೂಲಿಯವರ ಮುಂದೆ ನಿಲ್ಲಿಸಿ ತುರುಬು ಬಿಚ್ಚಿಸಿದರು. ಹತ್ತಿ ಕೆಳಗೆ ಬಿತ್ತು. ಏಳು ವರ್ಷದ ನೀನು ಬದುವಿನ ಮೇಲೆ ಕೂತು ನೋಡಿದೆ. ಅಂದಿನಿಂದ ಅವ್ವ ತುರುಬು ಕಟ್ಟಿಲ್ಲ, ಹೆಳಲು ಹಾಕಿ ಇಳಿಬಿಡುತ್ತಾಳೆ ಎಂದು ನೀನು ಹೇಳಿದೆ. ಯಾರಿಗೂ ಹೇಳಬ್ಯಾಡ, ಆಣಿ ಮಾಡು ಎಂದೆ. ನಿನ್ನ ತಲೆಯ ಮೇಲೆ ಕೈಯಿಟ್ಟು ನಾನು ಆಣೆ ಮಾಡಿದೆ.

ಅದನ್ನೇ ಬರೆದೆ. 'ಬಂಧುಗಳೇ, ನನ್ನ ಹಡೆದವ್ವನ ತುರುಬನ್ನು ನಡು ಹೊಲದಲ್ಲಿ ಬಿಚ್ಚಿಸಿದರು. ಆ ಹತ್ತಿಯ ಋಣದಲ್ಲಿ ಅಕ್ಷರ ಕಲಿತವನು ನಾನು.' ಕೆಳಗೆ ಕಾರ್ಬನ್ ಹಾಳೆ ಇಟ್ಟುಕೊಂಡೇ ಬರೆದೆ, ಹುಲುಗಿ. ಮೇಲಿನದು ಮರಿಬಸಪ್ಪನಿಗೆ, ಕೆಳಗಿನದು ಕೊಟ್ರಬಸಪ್ಪನಿಗೆ. ಅವನ ಊರು ಬೇರೆ, ಇವನ ಊರು ಬೇರೆ, ಬಿನ್ನವತ್ತಳೆಯ ಹಾಗೆ ನಡೆದುಹೋಗುತ್ತದೆ ಎಂದುಕೊಂಡೆ. ಕೊಟ್ರಬಸಪ್ಪ ಪಾಪ, ಓದಿ ನೋಡಿ ತಲೆ ಕೆರೆದುಕೊಂಡ. "ಅಕ್ಕಾರ, ನಮ್ಮವ್ವ ಹತ್ತಿ ಬಿಡಸಾಕ ಹೋದಾಕಿ ಅಲ್ರಿ" ಅಂದ. ಭಾಷಣದಲ್ಲಿ ಅದೆಲ್ಲ ನಡೆಯುತ್ತದೆ, ಕೇಳುವವರಿಗೆ ಅವ್ವ ಇದ್ದರೆ ಸಾಕು ಎಂದು ನಾನೇ ಅವನ ಬಾಯಿ ಮುಚ್ಚಿಸಿದೆ.

ಕುರುಗೋಡಿನ ಸಭೆಗೆ ನಾನು ಕರಪತ್ರದ ಕಟ್ಟು ತಲುಪಿಸಲು ಬಂದದ್ದು ಎಂದು ನಿನಗೆ ಹೇಳಿದೆನಲ್ಲ, ಸುಳ್ಳು. ನನ್ನ ಮಾತಿಗೆ ಮಂದಿ ಅಳುವುದನ್ನು ಕಣ್ಣಾರೆ ನೋಡಬೇಕಿತ್ತು. ಹೆಂಗಸರ ಸಾಲಿನಲ್ಲಿ ಹಿಂದೆ ಕೂತಿದ್ದೆ. ನೀನು ಅವ್ವನನ್ನು ಕೈಹಿಡಿದು ಕರೆತಂದು ಮುಂದೆ ಕೂರಿಸಿದೆ. ಅವ್ವನಿಗೆ ಮೈಕಿನ ಮಾತು ಕೇಳುವುದೆಂದರೆ ಹಬ್ಬ ಎನ್ನುವುದು ನನಗೆ ಯಾಕೆ ಹೊಳೆಯಲಿಲ್ಲವೋ. ಆಗಲೇ ಎದ್ದು ಹೋಗಿ, ಮರಿಬಸಪ್ಪನ ಕಿವಿಯಲ್ಲಿ ಆ ಹಾಳೆ ಬಿಡು ಎನ್ನಬಹುದಿತ್ತು. ಹತ್ತು ಹೆಜ್ಜೆ. ಎದ್ದೇಳಲಿಲ್ಲ. ಅವನು 'ತುರುಬು' ಎಂದಾಗ ಸುತ್ತಲಿನ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊತ್ತಿಕೊಂಡರು. ಅಳದೆ ಇದ್ದವಳು ನಿಮ್ಮವ್ವ ಒಬ್ಬಳೇ. ಸೆರಗನ್ನು ಹಣೆಯವರೆಗೂ ಎಳೆದುಕೊಂಡು, ಎರಡೂ ಕೈಯಿಂದ ತಲೆಯನ್ನು ಒತ್ತಿ ಹಿಡಿದು ಕೂತಳು. ನೀನು ಹಿಂದಕ್ಕೆ ತಿರುಗಿ ನನ್ನನ್ನು ಹುಡುಕಿದೆ. ನಾನು ಬಗ್ಗಿ ಚಪ್ಪಲಿ ಹುಡುಕಿದೆ. ಥೂ ನನ್ನ ಜನ್ಮಕ್ಕೆ.

ಇನ್ನೊಂದು ಹೇಳುತ್ತೇನೆ, ಇದು ಇನ್ನೂ ಕೆಟ್ಟದ್ದು. ಸಿರುಗುಪ್ಪದ ಸಭೆಗೆ ಅಲ್ಲಿಂದ ಮೂರು ದಿನವಿತ್ತು. ಕೊಟ್ರಬಸಪ್ಪನಿಗೆ ಹೇಳಿ ಕಳಿಸಿದ್ದರೆ ಸಾಕಿತ್ತು. ಯಾಕೆ ಎಂದು ಕೇಳಿದರೆ ಏನು ಹೇಳಲಿ ಎಂದು ಹೆದರಿ ಸುಮ್ಮನಾದೆ. ಅವನು ಸಿರುಗುಪ್ಪದಲ್ಲಿ ನಿಂತು ಓದಿದ. ಹತ್ತಿ ಬಂಡಿಯ ಓಬಣ್ಣ ಎಂಬವನು ಕುರುಗೋಡಿನ ಸಭೆಯಲ್ಲೂ ಇದ್ದನಂತೆ. ಸಭೆಯ ನಡುವೆ ಎದ್ದು ನಿಂತು ಕೂಗಿದನಂತೆ: "ಏ ಯಪ್ಪಾ, ಈ ಅವ್ವ ರವಿವಾರ ಮರಿಬಸಪ್ಪಗ ಅವ್ವ ಆಗಿದ್ಳು! ಬುಧವಾರಕ್ಕ ನಿನಗ ಹೆಂಗ ಆದ್ಳು?" ಮಂದಿ ಬಿದ್ದು ಬಿದ್ದು ನಕ್ಕರಂತೆ. ಕುರುಗೋಡಿನಲ್ಲಿ ಅತ್ತ ಮಾತಿಗೇ ಸಿರುಗುಪ್ಪದಲ್ಲಿ ನಕ್ಕರು ಹುಲುಗಿ. ಆ ನಗು ಬಸ್ಸಿನಲ್ಲಿ ಕುರುಗೋಡಿಗೂ ಬಂದಿರಬೇಕು. ಹಳಬರಿಗೆ ಕೊಳಗಲ್ಲಿನ ಸಂಗತಿ ನೆನಪಾಗಿ, ಅದು ನಿಮ್ಮ ಓಣಿಯವರೆಗೂ ಬಂದು ಅವ್ವನ ಕಿವಿಗೆ ಬಿದ್ದಿರಬೇಕು. ಇಲ್ಲದಿದ್ದರೆ ಅವ್ವ ಊಟ ಯಾಕೆ ಬಿಡುತ್ತಾಳೆ?

ಆಮೇಲಿನದು ಕೇಳಿದರೆ ನಿನಗೇ ಅಸಹ್ಯವಾದೀತು. ಕೊಟ್ರಬಸಪ್ಪನ ಎದುರಾಳಿಯ ಕಡೆಯವರು 'ಭಾಷಣಗಳ್ಳ, ಅವ್ವನನ್ನೇ ಕದ್ದ ಧೀರ' ಎಂದು ಕರಪತ್ರ ಮಾಡಿಸಲು ಬಂದರು. ಎಲ್ಲಿಗೆ? ನಮ್ಮ ಪ್ರೆಸ್ಸಿಗೇ! ಅಚ್ಚಿನ ಮೊಳೆ ಜೋಡಿಸಿ ಪ್ರೂಫ್ ತೆಗೆದು ನನ್ನ ಮುಂದೆ ಇಟ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಅಷ್ಟೂ ಮಾಡಲಿಲ್ಲ. ಎರಡು ತಪ್ಪು ತಿದ್ದಿ ವಾಪಸು ಕೊಟ್ಟೆ.

ಮೊನ್ನೆ ಕೊಟ್ರಬಸಪ್ಪ ಮನೆಗೆ ಬಂದ. ಬೈದಿದ್ದರೆ ಹಗುರಾಗುತ್ತಿತ್ತು. ಪಡಸಾಲೆಯಲ್ಲಿ ಕೂತು ನೀರನ್ನೂ ಕುಡಿಯಲಿಲ್ಲ. "ಅಕ್ಕಾರ, ಸೋಲು ಗೆಲುವು ಇರ್ಲಿ ಬಿಡ್ರಿ. ನಮ್ಮವ್ವ ಸತ್ತು ಆರು ವರ್ಷ ಆತು. ಆಕಿ ಫೋಟೊದ ಮುಂದ ನಿಲ್ಲಾಕ ನನಗ ಮಾರಿ ಇಲ್ದಂಗ ಆಗೈತಿ. ಬರದಾಕಿ ನಾನು, ಇವನು ಕದ್ದಿಲ್ಲ ಅಂತ ಒಂದು ಮಾತು ಹೇಳ್ರಿ. ನಾನೂ ಸುಳ್ಳ ಹೇಳೀನಿ, ಖರೆ. ಆದ್ರ ಕದ್ದಿಲ್ಲ." ನಮ್ಮನೆಯವರು ಬಾಗಿಲಲ್ಲೇ ನಿಂತು, ಪ್ರೆಸ್ಸಿನ ಹೆಸರು ಕೆಡುತ್ತದೆ, ಒಳಗೆ ಹೋಗು ಎಂದು ಕಣ್ಣು ಮಾಡಿದರು. ನಾನು ಒಳಗೆ ಹೋದೆ. ಅವನು ಎದ್ದು ಹೋದ.

ನಿನ್ನೆ ನಮ್ಮನೆಯವರಿಗೆ ಖಡಾಖಂಡಿತ ಹೇಳಿದೆ. ಬರುವ ರವಿವಾರ ಸಿರುಗುಪ್ಪದಲ್ಲಿ ಕೊಟ್ರಬಸಪ್ಪನ ಕೊನೆಯ ಸಭೆ. ಹೋಗುತ್ತೇನೆ. ಮಾತು ಬರೆದವಳು ನಾನು, ಇಬ್ಬರಿಗೂ ಒಂದನ್ನೇ ಕೊಟ್ಟವಳು ನಾನು, ಆ ತಾಯಿ ಇವರಿಬ್ಬರ ತಾಯಿಯೂ ಅಲ್ಲ, ನನ್ನ ತಾಯಿಯೂ ಅಲ್ಲ ಎಂದು ಮೈಕಿನಲ್ಲಿ ಹೇಳುತ್ತೇನೆ. ಯಾರ ತಾಯಿ ಎಂದು ಕೇಳಿಯೇ ಕೇಳುತ್ತಾರೆ. ಕಲ್ಲು ಹೊಡೆದರೂ ಹೇಳುವುದಿಲ್ಲ. ಆದರೆ ನಾನು ಹೋಗಿ ನಿಂತರೆ ಮಾತು ಮತ್ತೆ ಕೆದರುತ್ತದೆ, ಮತ್ತೆ ನಾಲ್ಕು ದಿನ ನಿಮ್ಮ ಓಣಿಯಲ್ಲಿ ಅದೇ ಸುದ್ದಿ. ಹೋಗದಿದ್ದರೆ ಆ ಮನುಷ್ಯ ಬದುಕಿರುವ ತನಕ ಅವ್ವಗಳ್ಳ. ಅದಕ್ಕೇ ಈ ಕಾಗದ. ಅವ್ವ ಬೇಡ ಎಂದರೆ ಬೇಡ. ಶನಿವಾರದ ಬಸ್ಸಿನ ಕಂಡಕ್ಟರ್ ಎರ್ರಿಸ್ವಾಮಿಯ ಕೈಯಲ್ಲಿ ಎರಡಕ್ಷರ ಕಳಿಸು. ಈ ಸಲವಾದರೂ ಅವ್ವನನ್ನು ಕೇಳದೆ ಬಾಯಿ ಬಿಡಬಾರದು ಎಂದುಕೊಂಡಿದ್ದೇನೆ.

ಕ್ಷಮೆ ಕೇಳುತ್ತಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮಗೆಲ್ಲ ಗೊತ್ತು. ಇಲ್ಲಿ ಹೋದದ್ದು ನನ್ನದಲ್ಲ, ಅವ್ವನದು. ಎರಡು ಊರಿನ ಚಪ್ಪಾಳೆಗೆ ಹೋಯಿತು. ನನಗೆ ಬಹಳ ನಾಚಿಕೆಯಾಗಿದೆ ಹುಲುಗಿ. ಕನ್ನಡಿಯಲ್ಲಿ ನೋಡಿ ಕುಂಕುಮ ಇಟ್ಟುಕೊಳ್ಳುವುದಕ್ಕೂ ಆಗುತ್ತಿಲ್ಲ. ಅವ್ವನಿಗೆ ಒಂದು ತುತ್ತು ತಿನ್ನಲು ಹೇಳು. ನನ್ನನ್ನು ಬೈದುಕೊಂಡಾದರೂ ತಿನ್ನಲಿ.

ಹೀಗೆ ಬರೆಯುವ ಅರ್ಹತೆ ಇದೆಯೋ ಇಲ್ಲವೋ, ಆದರೂ,
ನಿನ್ನ
ದಾಕ್ಷಾಯಣಿ

ತಾ.ಕ.: ಅಂಟು ಹಚ್ಚಿದ್ದ ಲಕೋಟೆಯನ್ನು ಮತ್ತೆ ಬಿಡಿಸಿದ್ದೇನೆ. ಹಾಸ್ಟೆಲ್ಲಿನ ಕಟ್ಟೆಯ ಮೇಲೆ ನೀನು ಹೇಳಿದ್ದರಲ್ಲಿ ಒಂದು ಸಾಲನ್ನು ನಾನು ಭಾಷಣಕ್ಕೆ ಹಾಕಲಿಲ್ಲ. ಬಳ್ಳಾರಿ ಧಣಿಯ ಜೊತೆ ಕುದುರೆಗಾಡಿಯಲ್ಲಿ ಬಂದಿದ್ದ ಅವರ ಮಗಳು, ಕೆಂಪು ಲಂಗದ ಹುಡುಗಿ, "ಅಪ್ಪಾ, ಅಕಿ ತುರುಬಿನ್ಯಾಗ ಹತ್ತಿ ಐತಿ" ಎಂದು ಬೆರಳು ಮಾಡಿ ತೋರಿಸಿದ್ದಕ್ಕೇ ಅವ್ವ ಸಿಕ್ಕಿಬಿದ್ದಳು ಎಂದು ನೀನು ಹೇಳಿದ್ದೆ. ಕೊಳಗಲ್ಲಿನಲ್ಲಿ ನಮಗೆ ಹೊಲವಿತ್ತು ಎಂದು ಇಪ್ಪತ್ತು ವರ್ಷದಲ್ಲಿ ನಾನು ಒಮ್ಮೆಯೂ ಬಾಯಿ ಬಿಟ್ಟಿಲ್ಲ. ಬಾಚಣಿಗೆ ಕೈಯಲ್ಲಿ ಹಿಡಿದುಕೊಂಡು, ನೀನು ಅಳುವುದನ್ನು ಕೇಳುತ್ತಲೇ ನಿಂತಿದ್ದೆ. ಆ ಹುಡುಗಿ ನಾನು. ನನಗಾಗ ಎಂಟು ವರ್ಷ. ತೋರಿಸಿಕೊಟ್ಟಿದ್ದಕ್ಕೆ ಅಪ್ಪ ನನ್ನನ್ನು ಎತ್ತಿಕೊಂಡು ಜಾಣಿ ಎಂದಿದ್ದರು. ಇದನ್ನು ಅವ್ವನಿಗೆ ಓದಿ ಹೇಳು.