ತಡೆಕಂಬಿಯ ಗಂಟು

ಲಾಂಡ್ರಿಯ ಮಹಡಿ,
ನವೆಂಬರ್ ೯, ಭಾನುವಾರ

ಪ್ರೀತಿಯ ಪುಟ್ಟೂ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಚಳಿಗೆ ಆ ಹಳೇ ಕೆಮ್ಮು ಮತ್ತೆ ಹಿಡಿದಿಲ್ಲ ತಾನೆ? ಎಷ್ಟೇ ಕೋಪವಿದ್ದರೂ ಮೊದಲು ಆರೋಗ್ಯ ಕೇಳಬೇಕು ಅಂತ ಅಮ್ಮ ಇದ್ದಾಗ ಕಲಿಸಿದ್ದಳು, ಅದಕ್ಕೇ ಕೇಳಿದೆ. ಅಪ್ಪನ ಮಂಡಿನೋವು ಹಾಗೇ ಇದೆ. ಇಸ್ತ್ರಿಯ ರೋಲರ್ ಯಂತ್ರ ನಿಂತಿದೆ, ಹೋಟೆಲಿನ ಬೆಡ್‌ಶೀಟುಗಳನ್ನೆಲ್ಲ ಪಾಪ ಅವರೇ ನಿಂತುಕೊಂಡು ಕೈಯಲ್ಲಿ ಇಸ್ತ್ರಿ ಮಾಡುತ್ತಾರೆ. ನನ್ನ ಅಕ್ಷರ ನೋಡಿ ನಗಬೇಡ, ಇದು ಎಡಗೈಯದು. ಬಲಗೈಯ ಎರಡು ಬೆರಳನ್ನು ದೇವರು ತನ್ನ ಯೋಜನೆಗೆ ತೆಗೆದುಕೊಂಡನಂತಲ್ಲ, ನೀನೇ ಬರೆದಿದ್ದೀಯ.

ಮೂರು ವರ್ಷ ಸುಳಿವೇ ಕೊಡದವನು ಬರೆದ ಮೊದಲ ಕಾಗದ ಅದು! ಅಪ್ಪ ಕನ್ನಡಕ ಹುಡುಕಿಕೊಂಡು ಬರುವಷ್ಟರಲ್ಲಿ ನಾನು ಓದಿ ಮುಗಿಸಿದ್ದೆ. ಹೊಸ ಚರ್ಚಿನ ಸಭೆ ಸೇರಿದ್ದೀಯ, ಸಂತೋಷ. ಕುಡಿತ ಬಿಟ್ಟಿದ್ದೀಯ, ಇನ್ನೂ ಸಂತೋಷ. ಮನುಷ್ಯ ತಾನಾಗಿ ದೇವರ ಕಡೆ ಒಂದು ಹೆಜ್ಜೆಯನ್ನೂ ಇಡಲಾರ, ಲೋಕ ಹುಟ್ಟುವ ಮೊದಲೇ ಅವನು ತನ್ನವರನ್ನು ಆರಿಸಿಕೊಂಡಿದ್ದಾನೆ, ಎಲ್ಲವೂ ಕೃಪೆ ಎಂದು ನಿಮ್ಮ ಪಾಸ್ಟರ್ ಹೇಳಿದ್ದು ನಿನಗೆ ಹಿಡಿಸಿದೆ. "ಏಳಕ್ಕಾಗದೆ ಬಿದ್ದಿದ್ದೆ ಅಕ್ಕ, ಅವನೇ ಎತ್ತಿದ" ಎಂಬ ಸಾಲನ್ನು ಎರಡು ಸಲ ಓದಿದೆ. ಸುಳ್ಳಲ್ಲ ಅನ್ನಿಸಿತು, ಕಣ್ಣು ತುಂಬಿತು. ಅಲ್ಲಿಗೇ ಪೆನ್ನು ಕೆಳಗಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! "ನಿನ್ನ ಕೈಗೆ ಆಗಿದ್ದೂ ನನ್ನನ್ನ ತಿರುಗಿಸೋಕೆ ಅವನೇ ಇಟ್ಟಿದ್ದ ದಾರಿ" ಅಂತ ಮುಂದುವರಿಸಿದೆಯಲ್ಲ, ಮೈಯೆಲ್ಲ ಉರಿದುಹೋಯಿತು.

ಅಲ್ಲ ಕಣೋ, ನಿನ್ನನ್ನು ಕರೆಯಲು ಅವನಿಗೆ ನನ್ನ ಬೆರಳೇ ಬೇಕಾಗಿತ್ತೇ? ರೋಲರಿನ ಮುಂದೆ ತಡೆಕಂಬಿ ಇರುವುದೇ ಕೈ ತಾಗಿದ ಕೂಡಲೇ ಯಂತ್ರ ನಿಲ್ಲಲಿ ಅಂತ. ಪದೇ ಪದೇ ನಿಲ್ಲುತ್ತದೆ, ಮ್ಯಾಚಿಗೆ ತಡವಾಗುತ್ತದೆ ಎಂದು ಹಳೆಯ ದಿಂಬಿನ ಚೀಲ ಹರಿದು, ಅದು ಅಲ್ಲಾಡದಂತೆ ಬಿಗಿದು ಕಟ್ಟಿದವನು ನೀನು. ಬಿಚ್ಚದೆ ಹೋದವನು ನೀನು. ಮರುದಿನ ಬೆಳಿಗ್ಗೆ ಏನೂ ಗೊತ್ತಿಲ್ಲದೆ ಅದರ ಮುಂದೆ ನಿಂತವಳು ನಾನು. ಆಸ್ಪತ್ರೆಗೆ ಒಂದು ಸಲವೂ ಬಂದು ಮುಖ ತೋರಿಸದೆ ಕಾಲ್ಕಿತ್ತವನೂ ನೀನೇ. ಬಿದ್ದವನನ್ನು ಎತ್ತಿದ್ದು ದೇವರು, ಒಪ್ಪಿದೆ. ಆ ಗಂಟು ಹಾಕಿದ ಕೈ ಯಾರದು? ಒಳ್ಳೆಯದಕ್ಕೂ ಅವನು, ಕೆಟ್ಟದ್ದಕ್ಕೂ ಅವನು ಅಂದರೆ ಮಧ್ಯದಲ್ಲಿ ನೀನೇನು ಟಿಕೆಟ್ ತಗೊಂಡು ನೋಡಲು ಬಂದವನಾ?

ಅಪ್ಪನೂ ಕೃಪೆ ಅನ್ನುವವರೇ, ಆದರೆ ಅವರ ಮಾತೇ ಬೇರೆ. "ಕೊಡೋನು ದೇವ್ರೇ ಕಣಮ್ಮ. ಆದ್ರೆ ಬೇಡ ಅನ್ನೋ ಹಕ್ಕನ್ನೂ ಅವನೇ ಕೊಟ್ಟಿದಾನೆ, ಕೈ ಚಾಚೋದು ನಮ್ಮ ಕೆಲ್ಸ" ಅಂದರು. ನಮ್ಮ ಚರ್ಚಿನ ಪಾದ್ರಿಯವರನ್ನು ಕೇಳಿದರೆ, ಈ ಜಗಳ ನೂರಾರು ವರ್ಷದ್ದು, ಎರಡು ಕಡೆಯವರ ಕೈಯಲ್ಲೂ ಬೈಬಲ್ಲೇ ಇದೆ ಎಂದು ನಕ್ಕು ಗಡ್ಡ ಕೆರೆದುಕೊಂಡರು. ಅವರಿಗೇನು, ಹತ್ತೂ ಬೆರಳಿವೆ. ದೇವರು ಕ್ಷಮಿಸಿದ್ದಾನೆ ಅಂತ ನೆಮ್ಮದಿಯಾಗಿ ಬರೆದಿದ್ದೀಯಲ್ಲ, ನನ್ನ ಕ್ಷಮೆ ಕೇಳಿದ ಮಾತು ಎಲ್ಲಾದರೂ ಇದೆಯೇ ಎಂದು ಕಾಗದದ ಹಿಂದುಮುಂದೆಲ್ಲ ಹುಡುಕಿದೆ. "ತಪ್ಪಾಯ್ತು ಅಕ್ಕ" ಅನ್ನಲು ಇನ್ನೂ ಯಾವ ಕೃಪೆಗೆ ಕಾಯುತ್ತಿದ್ದೀಯೋ?

ಅಪ್ಪ ಆಶೀರ್ವಾದ ಹೇಳಿದ್ದಾರೆ. ನನ್ನ ಕಡೆಯಿಂದ ಸದ್ಯಕ್ಕೆ ಬೈಗುಳವೇ. ಸ್ವೆಟರ್ ಹಾಕಿಕೋ.

ನಿನ್ನ
ಅಕ್ಕ

ಮರೆತಿದ್ದೆ. ಅಪ್ಪ ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ನಿನ್ನನ್ನು ಕ್ಷಮಿಸಿ ಬಹಳ ಕಾಲವಾಯಿತು. ಆಸ್ಪತ್ರೆಯಲ್ಲಿ ಕೈಯ ಕಟ್ಟು ತೆಗೆದ ದಿನವೇ, ನೀನು ಕೇಳದೆಯೇ. ನಾನಾಗಿ ಮಾಡಿದ್ದು ಅಂತ ನನಗೇ ಅನ್ನಿಸಲಿಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಪಾಸ್ಟರ್ ಹೇಳಿದ್ದು ಸರಿಯಿರಬಹುದು, ಹಲ್ಲು ಕಿರಿಯಬೇಡ. ಆದರೆ ರೋಲರ್ ನಿಂತಿರುವುದು ಸುಮ್ಮನೆ ಅಲ್ಲ. ನೀನು ಕಟ್ಟಿದ ಗಂಟನ್ನು ಮುಟ್ಟಲು ಅಪ್ಪನಿಗೂ ಬಿಟ್ಟಿಲ್ಲ, ರಿಪೇರಿಯವನಿಗೂ ಬಿಟ್ಟಿಲ್ಲ. ಬಂದು ನಿನ್ನ ಕೈಯಿಂದಲೇ ಬಿಚ್ಚು.